ಬಿಸಿಯಲ್ಲಿ ಕಲಸುವವರು, ಆರಿಸಿ ಕಲಸುವವರು: ಆಲೂಗಡ್ಡೆ ಸಲಾಡಿನ ಲೋಕ



ಊಟದ ವಿಚಾರವಾಗಿ ವರ್ಷಕ್ಕೊಂದು ಉಪನ್ಯಾಸ ಆಗಬೇಕು, ವಿಷಯ ಮಾತಾಡುವವರ ಇಷ್ಟ. ಈ ದತ್ತಿಯ ಷರತ್ತು ಇಷ್ಟೇ. ಇಂಥ ವೇದಿಕೆಯಲ್ಲಿ ನಿಂತು ಮಂಗರಸನ ಅಡುಗೆ ಗ್ರಂಥ ಸೂಪಶಾಸ್ತ್ರದಿಂದ ಮಾತು ಆರಂಭಿಸುವುದು ಮರ್ಯಾದೆ ಎಂದು ನನಗೆ ಗೊತ್ತು. ಆದರೆ ಮಂಗರಸ ಅದನ್ನು ಬರೆದದ್ದು 1508ರ ಸುಮಾರಿಗೆ. ಸ್ಪೇನಿನವರು ಆಗಿನ್ನೂ ಆಂಡಿಸ್ ಬೆಟ್ಟದ ಕಡೆ ತಲೆ ಹಾಕಿರಲಿಲ್ಲ, ಆಲೂಗಡ್ಡೆ ಅಮೆರಿಕ ಖಂಡ ಬಿಟ್ಟು ಹೊರಗೆ ಬಂದಿರಲಿಲ್ಲ. ನಾನು ಹಿಡಿದುಕೊಂಡು ಬಂದಿರುವುದು ಆಲೂಗಡ್ಡೆ ಸಲಾಡು. ಆದ್ದರಿಂದ ಮಂಗರಸನಿಗೆ ಕೈಮುಗಿದು ಮುಂದೆ ಹೋಗುತ್ತೇನೆ.

ಈ ಸಲಾಡು ಎಷ್ಟು ದೇಶಗಳಲ್ಲಿದೆಯೋ ಅಷ್ಟು ಜಗಳಗಳೂ ಇವೆ. ಮ್ಯೂನಿಕ್‌ನವರಿಗೆ ಹ್ಯಾಂಬರ್ಗ್‌ನವರದು ಸೇರುವುದಿಲ್ಲ, ಟೋಕಿಯೊದ್ದನ್ನು ತಿಂದ ಬವೇರಿಯದವರು ಇದು ಪಲ್ಯವೋ ಚಟ್ನಿಯೋ ಎಂದು ಕೇಳಿಯಾರು. ದೇಶದ ಹೆಸರು ಹಿಡಿದು ಒಂದೊಂದನ್ನೇ ಹೇಳುತ್ತಾ ಹೋದರೆ ಪಟ್ಟಿ ಬೆಳೆಯುತ್ತದೆ, ತಿಳಿವಳಿಕೆ ಬೆಳೆಯುವುದಿಲ್ಲ. ನಾನು ಒಂದೇ ಪ್ರಶ್ನೆ ಕೇಳುತ್ತೇನೆ: ಹುಳಿ, ಎಣ್ಣೆ, ಉಪ್ಪು ಆಲೂಗಡ್ಡೆಯನ್ನು ಸೇರಿದ್ದು ಅದು ಬಿಸಿಯಿದ್ದಾಗಲೋ, ಆರಿದ ಮೇಲೋ? ಇದಕ್ಕೆ ಉತ್ತರ ಸಿಕ್ಕರೆ ಆ ಊರಿನಲ್ಲಿ ಯಾವ ಜಾತಿಯ ಗಡ್ಡೆ ಬೆಳೆಯುತ್ತದೆ, ಯಾವ ಕೊಬ್ಬು ಸಿಗುತ್ತದೆ, ಸಲಾಡನ್ನು ಯಾವ ಹೊತ್ತಿಗೆ ತಿನ್ನುತ್ತಾರೆ ಎಂಬುದೆಲ್ಲ ಮುಕ್ಕಾಲು ಪಾಲು ತಿಳಿದ ಹಾಗೆಯೇ.

ಸ್ವಲ್ಪ ಅಡುಗೆಮನೆಯ ವಿಜ್ಞಾನ ಹೇಳಿಬಿಡುತ್ತೇನೆ, ಆಮೇಲೆ ಅದರ ಗೋಜಿಲ್ಲ. ಗಡ್ಡೆ ಬೇಯುವಾಗ ಅದರೊಳಗಿನ ಪಿಷ್ಟದ ಕಣಗಳು 60ರಿಂದ 70 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿ ನೀರು ಹೀರಿ ಉಬ್ಬುತ್ತವೆ. ಕೋಶಕ್ಕೆ ಕೋಶ ಅಂಟಿಕೊಂಡಿರುವಂತೆ ಹಿಡಿದಿಟ್ಟ ಪೆಕ್ಟಿನ್ ಸಡಿಲವಾಗುತ್ತದೆ. ಆ ಸ್ಥಿತಿಯಲ್ಲಿ ವಿನಿಗರ್ ಸುರಿದರೆ ಹೋಳು ಒಳಗಿನವರೆಗೂ ಹುಳಿ ಹಿಡಿಯುತ್ತದೆ. ಆರಿದಂತೆ ಪಿಷ್ಟ ಮತ್ತೆ ಬಿಗಿಯುತ್ತದೆ. ಆಮೇಲೆ ಏನೇ ಹಾಕಿ, ಬಹುಪಾಲು ಮೈಮೇಲೆ ಉಳಿಯುತ್ತದೆ. ಹಾಗಾಗಿ ಬಿಸಿಯಲ್ಲಿ ಕಲಸುವವರು ತೆಳ್ಳಗಿನದನ್ನು ಕುಡಿಸುತ್ತಾರೆ, ಆರಿಸಿ ಕಲಸುವವರು ಗಟ್ಟಿಯಾದದ್ದನ್ನು ಹೊದಿಸುತ್ತಾರೆ. ಮೇಯೊನೇಸನ್ನು ಹಬೆಯಾಡುವ ಆಲೂಗಡ್ಡೆಗೆ ಹಾಕಿ ನೋಡಿದವರಿಗೆ ಅದು ಎಣ್ಣೆ ಬಿಟ್ಟುಕೊಂಡು ಒಡೆಯುವುದು ಗೊತ್ತಿರುತ್ತದೆ. ಹೊದಿಸಬೇಕಾದರೆ ಕಾಯಲೇಬೇಕು.

ಇವೆರಡರಲ್ಲಿ ಕುಡಿಸುವ ಪದ್ಧತಿ ಹಳೆಯದು. ಇಂಗ್ಲೆಂಡಿನ ಜಾನ್ ಜೆರಾರ್ಡ್ 1597ರಲ್ಲಿ ಅಚ್ಚು ಹಾಕಿಸಿದ ಸಸ್ಯಗಳ ದೊಡ್ಡ ಪುಸ್ತಕದಲ್ಲಿ ಆಲೂಗಡ್ಡೆಯ ಮೇಲೆ ಒಂದು ಅಧ್ಯಾಯವಿದೆ. ಪುಸ್ತಕದ ಆರಂಭದ ಚಿತ್ರದಲ್ಲಿ ಅವನ ಕೈಯಲ್ಲಿರುವುದೂ ಆಲೂಗಿಡದ ಹೂವೇ. ಗಡ್ಡೆ ವರ್ಜೀನಿಯದಿಂದ ಬಂತೆಂದು ಅವನು ಬರೆದ, ಅದು ಸುಳ್ಳಾಯಿತು. ಆದರೆ ಅದನ್ನು ತಿನ್ನುವ ರೀತಿ ಹೇಳುವಾಗ ಕೆಂಡದಲ್ಲಿ ಸುಡಬಹುದು, ಇಲ್ಲವೇ ಬೇಯಿಸಿ ಎಣ್ಣೆ, ವಿನಿಗರ್, ಮೆಣಸು ಹಾಕಿ ತಿನ್ನಬಹುದು ಎಂದ. ಯುರೋಪಿನ ಬಹುಪಾಲು ರೈತರು ಈ ಗಡ್ಡೆಯನ್ನು ಕಣ್ಣಲ್ಲೇ ನೋಡಿರದ ಕಾಲದಲ್ಲಿ ಸಲಾಡು ಮಾತ್ರ ಸಿದ್ಧವಾಗಿತ್ತು. ಪ್ರಶ್ಯದ ದೊರೆ ಫ್ರೆಡರಿಕ್ ತನ್ನ ಪ್ರಜೆಗಳು ಆಲೂಗಡ್ಡೆ ಬೆಳೆಯಲೇಬೇಕೆಂದು ಆಜ್ಞೆ ಹೊರಡಿಸಿದ್ದು 1756ರಲ್ಲಿ, ಜೆರಾರ್ಡನ ಪುಸ್ತಕ ಬಂದು ಒಂದೂವರೆ ಶತಮಾನ ಕಳೆದ ಮೇಲೆ. ಪಾಟ್ಸ್‌ಡ್ಯಾಮ್‌ನಲ್ಲಿರುವ ಆ ದೊರೆಯ ಸಮಾಧಿಯ ಕಲ್ಲಿನ ಮೇಲೆ ಹೋದವರು ಇವತ್ತಿಗೂ ಹೂವಿನ ಜೊತೆ ಆಲೂಗಡ್ಡೆ ಇಟ್ಟು ಬರುತ್ತಾರೆ.

ಆ ಆಜ್ಞೆಯ ಫಲವನ್ನು ಹೆಚ್ಚು ಶ್ರದ್ಧೆಯಿಂದ ಉಂಡವರು ಮಾತ್ರ ಪ್ರಶ್ಯದವರಲ್ಲ, ದಕ್ಷಿಣ ಜರ್ಮನಿಯ ಶ್ವಾಬಿಯದವರು ಎಂಬುದು ನನ್ನ ಅಭಿಪ್ರಾಯ. ಸ್ಟುಟ್‌ಗಾರ್ಟ್ ಸುತ್ತಲಿನ ಈ ಸೀಮೆಯಲ್ಲಿ ಸಲಾಡು ಮಾಡುವ ಕ್ರಮವನ್ನು ಕೊಂಚ ನಿಧಾನವಾಗಿ ಹೇಳುತ್ತೇನೆ, ಯಾಕೆಂದರೆ ಇಡೀ ಶಾಸ್ತ್ರ ಅದರಲ್ಲಿದೆ. ಗಡ್ಡೆಯನ್ನು ಸಿಪ್ಪೆ ಸಮೇತ ಬೇಯಿಸುತ್ತಾರೆ. ಕೈ ಸುಡುತ್ತಿರುವಾಗಲೇ ಸಿಪ್ಪೆ ಎಳೆದು ತೆಳ್ಳಗೆ ಬಿಲ್ಲೆ ಕೊಯ್ಯುತ್ತಾರೆ. ಸಣ್ಣಗೆ ಹೆಚ್ಚಿದ ಈರುಳ್ಳಿ, ವಿನಿಗರ್, ಸಾಸಿವೆ ಅರೆದ ಮುದ್ದೆ, ಉಪ್ಪು, ಮೆಣಸು ಹಾಕಿ, ಮೇಲೆ ಕುದಿಯುವ ಮಾಂಸದ ಕಟ್ಟನ್ನು ಸುರಿಯುತ್ತಾರೆ. ನೋಡಿದವರಿಗೆ ಇದೇನು ಸಾರು ಮಾಡುತ್ತಿದ್ದಾರೆಯೇ ಅನ್ನಿಸುವಷ್ಟು ಸುರಿಯುತ್ತಾರೆ. ಅರ್ಧ ಗಂಟೆಯಲ್ಲಿ ಅಷ್ಟನ್ನೂ ಬಿಲ್ಲೆಗಳು ಕುಡಿದಿರುತ್ತವೆ. ಎಣ್ಣೆ ಎಲ್ಲದರ ಕೊನೆಗೆ. ಮೊದಲೇ ಹಾಕಿದರೆ ಅದು ಹೋಳಿನ ಮೈಗೆ ಹತ್ತಿಕೊಂಡು ಕಟ್ಟು ಒಳಗೆ ಇಳಿಯದಂತೆ ತಡೆಯುತ್ತದೆ. ಸರಿಯಾಗಿ ಆಗಿದೆಯೋ ಇಲ್ಲವೋ ತಿಳಿಯಲು ಬಾಯಿಗೆ ಹಾಕಿಕೊಳ್ಳಬೇಕಾಗಿಲ್ಲ, ಸೌಟು ತಿರುಗಿಸಿ ಕಿವಿಗೊಟ್ಟರೆ ಸಾಕು. ಕಲಸುವಾಗ ಪಿಚಪಿಚ ಸದ್ದು ಬರಬೇಕು. ಆ ಕಡೆಯವರು ಸಲಾಡು ಮಾತಾಡಬೇಕು ಅನ್ನುತ್ತಾರೆ.

ಈ ಸಲಾಡಿಗೆ ಎಲ್ಲ ಗಡ್ಡೆಯೂ ಆಗದು. ಬೆಂದರೂ ಬಿಲ್ಲೆ ಬಿಲ್ಲೆಯಾಗಿಯೇ ಉಳಿಯುವ, ಪಿಷ್ಟ ಕಡಿಮೆ ಇರುವ ತಳಿ ಬೇಕು. ಜರ್ಮನಿಯ ಅಂಗಡಿಗಳಲ್ಲಿ ಆಲೂಗಡ್ಡೆ ಚೀಲದ ಮೇಲೆಯೇ ಅದು ಬರೆದಿರುತ್ತದೆ: ಗಟ್ಟಿ ಉಳಿಯುವುದಕ್ಕೆ ಹಸಿರು ಗುರುತು, ಹಿಟ್ಟಾಗುವುದಕ್ಕೆ ನೀಲಿ, ನಡುವಿನದಕ್ಕೆ ಕೆಂಪು. ನಮ್ಮಲ್ಲಿ ಆಲೂಗಡ್ಡೆ ಕೊಳ್ಳುವಾಗ ಹೊಸದೋ ಹಳೆಯದೋ ಎಂದಷ್ಟೇ ಕೇಳುತ್ತೇವೆ. ಅಲ್ಲಿ ತಳಿಯ ಹೆಸರು ಹೇಳಿ ಕೇಳುತ್ತಾರೆ. ಆ ಪ್ರೀತಿ ಎಷ್ಟರಮಟ್ಟಿಗೆ ಎನ್ನುವುದಕ್ಕೆ ಲಿಂಡಾ ಎಂಬ ತಳಿಯ ಕಥೆಯೇ ಸಾಕ್ಷಿ. 1974ರಲ್ಲಿ ಅನುಮತಿ ಪಡೆದ ಈ ಹಳದಿ ತಿರುಳಿನ ಗಡ್ಡೆ ಸಲಾಡಿಗೆ ಹೆಸರುವಾಸಿ. ಮೂವತ್ತು ವರ್ಷದ ತಳಿ ಹಕ್ಕು 2004ರಲ್ಲಿ ಮುಗಿಯಬೇಕಿತ್ತು. ಮುಗಿದ ಮೇಲೆ ಯಾವ ರೈತರಾದರೂ ಹಣ ಕಟ್ಟದೆ ಬಿತ್ತಬಹುದಿತ್ತು. ಅದಕ್ಕೆ ಸ್ವಲ್ಪ ಮೊದಲು ಹಕ್ಕುಳ್ಳ ಕಂಪನಿ ತಳಿಯನ್ನೇ ಅಧಿಕೃತ ಪಟ್ಟಿಯಿಂದ ಹಿಂತೆಗೆದುಕೊಂಡಿತು. ಪಟ್ಟಿಯಲ್ಲಿಲ್ಲದ ತಳಿಯ ಬೀಜ ಮಾರುವಂತಿಲ್ಲ. ರೈತರೂ ಗ್ರಾಹಕರೂ ಸೇರಿ ಗಲಾಟೆ ಎಬ್ಬಿಸಿದರು, ಲಿಂಡಾ ಉಳಿಸಿ ಎಂದು ಚಳವಳಿಯನ್ನೇ ಕಟ್ಟಿದರು. 2010ರಲ್ಲಿ ಅದಕ್ಕೆ ಜರ್ಮನಿಯಲ್ಲಿ ಮತ್ತೆ ಅನುಮತಿ ಸಿಕ್ಕಿತು. ಬೀಜದ ಮೇಲೆ ಯಾರಿಗೆ ಹಕ್ಕು ಎಂಬ ವಾದ ನಮ್ಮಲ್ಲೂ ಹೊಸದೇನಲ್ಲ. ಸಲಾಡಿನ ಸಲುವಾಗಿ ಆ ವಾದ ಗೆದ್ದವರು ಮಾತ್ರ ಅಪರೂಪ.

ಉತ್ತರ ಜರ್ಮನಿಗೆ ಬಂದರೆ ಇದೇ ಹೆಸರಿನ ತಿನಿಸು ಬೇರೆಯೇ ಆಗಿರುತ್ತದೆ. ಅಲ್ಲಿ ಆರಿದ ಗಡ್ಡೆ, ಮೇಯೊನೇಸ್, ಮೊಟ್ಟೆ, ಉಪ್ಪಿನಲ್ಲಿಟ್ಟ ಎಳೆಸೌತೆ, ಕೆಲವು ಮನೆಗಳಲ್ಲಿ ಸೇಬು. ಜರ್ಮನಿಯಲ್ಲಿ ಅತಿ ಹೆಚ್ಚು ಮನೆಗಳಲ್ಲಿ ಕ್ರಿಸ್ಮಸ್ ಹಿಂದಿನ ಸಂಜೆ ತಿನ್ನುವುದು ಬಾತುಕೋಳಿಯೂ ಅಲ್ಲ, ಜಿಂಕೆಯೂ ಅಲ್ಲ, ಸಾಸೇಜ್ ಜೊತೆ ಆಲೂಗಡ್ಡೆ ಸಲಾಡು. ಡಿಸೆಂಬರ್ 24 ಹಿಂದೆ ಉಪವಾಸದ ದಿನ. ಮೇಲಾಗಿ ಮರ ಸಿಂಗರಿಸಿ, ಚರ್ಚಿಗೆ ಹೋಗಿ ಬರುವ ಗಡಿಬಿಡಿಯ ಸಂಜೆ. ಮಧ್ಯಾಹ್ನವೇ ಮಾಡಿಟ್ಟರೆ ಸಾಯಂಕಾಲಕ್ಕೆ ರುಚಿ ಏರುವ ತಿನಿಸು ಬೇಕಿತ್ತು. ಪಕ್ಕದ ಜೆಕ್ ದೇಶದಲ್ಲಿ ಅದೇ ರಾತ್ರಿ ಕರಿದ ಕಾರ್ಪ್ ಮೀನಿನ ಜೊತೆ ಆಲೂಗಡ್ಡೆ ಸಲಾಡು ಇಲ್ಲದಿದ್ದರೆ ಹಬ್ಬವೇ ಅಲ್ಲ. ಮೀನನ್ನು ಜೀವಂತ ತಂದು ಸ್ನಾನದ ತೊಟ್ಟಿಯಲ್ಲಿ ಬಿಡುತ್ತಿದ್ದ ಕಾಲವೂ ಒಂದಿತ್ತು. ಹಿಂದಿನ ದಿನವೇ ದೊಡ್ಡ ಪಾತ್ರೆಯಲ್ಲಿ ಕಲಸಿ, ಚಳಿಗಾಲವಾದ್ದರಿಂದ ಬಾಲ್ಕನಿಯಲ್ಲಿ ಮುಚ್ಚಿಡುತ್ತಾರೆ. ಯಾರು ಯಾರ ಅತ್ತೆಯ ಪ್ರಕಾರ ಮಾಡಬೇಕೆಂಬ ಚರ್ಚೆಯೂ ಅದರ ಜೊತೆ ಬರುತ್ತದೆ. ವಿಯೆನ್ನಾದವರು ಶ್ವಾಬಿಯದವರ ಬಂಧುಗಳು. ಅವರದೂ ಬಿಸಿ ಕಟ್ಟಿನ ಸಲಾಡೇ, ಷ್ನಿಟ್ಸೆಲ್ ಎಂಬ ಕರಿದ ಮಾಂಸದ ಜೊತೆಗೆ.

ಆರಿಸಿ ಕಲಸುವ ಮನೆತನ ಬೆಳೆದದ್ದು ಬಾಟಲಿಯಿಂದ. ಕೈಯಲ್ಲಿ ಮೊಟ್ಟೆಯ ಹಳದಿಗೆ ಎಣ್ಣೆಯನ್ನು ಹನಿಹನಿಯಾಗಿ ಸೇರಿಸಿ ಮೇಯೊನೇಸ್ ಕಡೆಯುವುದು ಸಿರಿವಂತರ ಅಡುಗೆಭಟ್ಟರ ಕೆಲಸವಾಗಿತ್ತು. ಅದನ್ನು ಬೀದಿಬದಿಯ ಮನೆಗೂ ಮುಟ್ಟಿಸಿದವರಲ್ಲಿ ರಿಚರ್ಡ್ ಹೆಲ್ಮನ್ ಒಬ್ಬ. ಜರ್ಮನಿಯಿಂದ ನ್ಯೂಯಾರ್ಕಿಗೆ ಬಂದು 1905ರಲ್ಲಿ ಅಂಗಡಿ ತೆರೆದವನು, ಹೆಂಡತಿಯ ಕೈರುಚಿಯ ಮೇಯೊನೇಸನ್ನು ಸಲಾಡಿಗೆ ಹಾಕಿ ಮಾರುತ್ತಾ ಕೆಲವೇ ವರ್ಷಗಳಲ್ಲಿ ಗಾಜಿನ ಜಾಡಿಗೆ ತುಂಬಿ ಮಾರತೊಡಗಿದ. ಜಪಾನಿನಲ್ಲಿ ಕ್ಯೂಪಿ ಮೇಯೊನೇಸ್ ಬಂದದ್ದು 1925ರಲ್ಲಿ. ಸೋವಿಯತ್ ಒಕ್ಕೂಟದಲ್ಲಿ ಕಾರ್ಖಾನೆಯ ಮೇಯೊನೇಸ್ ಬಂದದ್ದು 1936ರಲ್ಲಿ. ಈ ಮೂರು ಇಸವಿಗಳನ್ನು ನೆನಪಿಟ್ಟುಕೊಂಡರೆ ಇಪ್ಪತ್ತನೇ ಶತಮಾನದ ಆಲೂಗಡ್ಡೆ ಸಲಾಡು ಏಕೆ ಬೆಳ್ಳಗಾಯಿತು ಎಂಬುದಕ್ಕೆ ಬೇರೆ ವಿವರಣೆ ಬೇಡ.

ರಷ್ಯದ ಸಂಗತಿ ನೋಡೋಣ. ಮಾಸ್ಕೋದ ಹರ್ಮಿಟೇಜ್ ರೆಸ್ಟೋರೆಂಟು ಆರಂಭವಾದದ್ದು 1864ರಲ್ಲಿ. ಅದರ ಅಡುಗೆಯ ಯಜಮಾನ ಲೂಸಿಯನ್ ಒಲಿವಿಯೆ. ಅವನ ಸಲಾಡಿನಲ್ಲಿ ಕಾಡುಕೋಳಿಯ ಮಾಂಸ, ಸಿಹಿನೀರ ಸೀಗಡಿಯಂಥ ಕ್ರೇಫಿಶ್, ಜೊತೆಗೆ ಅವನೊಬ್ಬನಿಗೇ ಗೊತ್ತಿದ್ದ ಸಾಸು. 1883ರಲ್ಲಿ ಅವನು ತೀರಿಕೊಂಡ, ಸಾಸಿನ ಗುಟ್ಟೂ ಅವನ ಜೊತೆ ಹೋಯಿತು. 1917ರ ಕ್ರಾಂತಿಯ ಮೇಲೆ ರೆಸ್ಟೋರೆಂಟೂ ಇಲ್ಲ, ಅಲ್ಲಿ ತಿನ್ನುತ್ತಿದ್ದ ಗಿರಾಕಿಗಳೂ ಇಲ್ಲ. ಉಳಿದದ್ದು ಹೆಸರು ಮತ್ತು ಆಲೂಗಡ್ಡೆ. ಸೋವಿಯತ್ ಅಡುಗೆಮನೆ ಕಾಡುಕೋಳಿಯ ಜಾಗಕ್ಕೆ ಬೇಯಿಸಿದ ಸಾಸೇಜನ್ನೂ, ಕ್ರೇಫಿಶ್ ಬಣ್ಣ ಕೊಡುತ್ತಿದ್ದ ಕಡೆ ಕ್ಯಾರೆಟ್ಟನ್ನೂ ಕೂರಿಸಿತು. ಡಬ್ಬದ ಹಸಿರು ಬಟಾಣಿ ಸೇರಿತು. ಎಲ್ಲವನ್ನೂ ಬಟಾಣಿಯ ಗಾತ್ರಕ್ಕೇ ಹೆಚ್ಚಬೇಕು. ಹೊಸವರ್ಷದ ಹಿಂದಿನ ದಿನ ಮನೆಮಂದಿಯೆಲ್ಲ ಮೇಜಿನ ಸುತ್ತ ಕೂತು ಹೆಚ್ಚುವುದೇ ಒಂದು ಕೆಲಸ. ಸರಕಿನ ಅಭಾವದ ವರ್ಷಗಳಲ್ಲಿ ಬಟಾಣಿ ಡಬ್ಬ ಎಲ್ಲಾದರೂ ಕಂಡರೆ ಆಗಲೇ ಕೊಂಡು ಡಿಸೆಂಬರಿಗೆಂದು ಬಚ್ಚಿಡುತ್ತಿದ್ದರು. ಇವತ್ತು ರಷ್ಯದ ಪತ್ರಿಕೆಗಳು ವರ್ಷದ ಕೊನೆಗೆ ಒಲಿವಿಯೆ ಸೂಚ್ಯಂಕ ಎಂದು ಪ್ರಕಟಿಸುತ್ತವೆ: ಒಂದು ಪಾತ್ರೆ ಸಲಾಡಿಗೆ ಬೇಕಾದ ಸಾಮಾನಿಗೆ ಹೋದ ವರ್ಷಕ್ಕಿಂತ ಈ ವರ್ಷ ಎಷ್ಟು ರೂಬಲ್ ಹೆಚ್ಚು ಎಂಬ ಲೆಕ್ಕ. ಹಣದುಬ್ಬರ ಅಳೆಯುವ ಅರ್ಥಶಾಸ್ತ್ರಿಗಳ ಕೋಷ್ಟಕಗಳಿಗಿಂತ ಇದನ್ನೇ ಜನ ನಂಬಿದರೆ ಆಶ್ಚರ್ಯವಿಲ್ಲ.

ಗಡಿ ದಾಟಿದಂತೆ ಈ ಸಲಾಡಿನ ಹೆಸರು ಬದಲಾಗುತ್ತದೆ. ಹಂಗರಿಯವರು ಫ್ರೆಂಚ್ ಸಲಾಡು ಅನ್ನುತ್ತಾರೆ. ತುರ್ಕಿಯಲ್ಲಿ ಇದಕ್ಕೆ ಅಮೆರಿಕನ್ ಸಲಾಡು ಎಂಬ ಹೆಸರೂ ಇದೆ. ರಷ್ಯದ ಹೆಸರು ಹೇಳಲು ಹಿಂಜರಿಯುತ್ತಿದ್ದ ಶೀತಲ ಸಮರದ ನೆರಳು ಅದು. ಸ್ಪೇನಿನಲ್ಲಿ ಬಾರಿನ ಕೌಂಟರಿನ ಮೇಲೆ ಸದಾ ಇರುವ ರಷ್ಯನ್ ಸಲಾಡನ್ನು ಸರ್ವಾಧಿಕಾರಿ ಫ್ರಾಂಕೊ ಕಾಲದಲ್ಲಿ ರಾಷ್ಟ್ರೀಯ ಸಲಾಡು ಎಂದು ಕರೆಯಿಸಲು ನೋಡಿದರು, ಹತ್ತಲಿಲ್ಲ. 2022ರಲ್ಲಿ ಉಕ್ರೇನ್ ಯುದ್ಧ ಶುರುವಾದಾಗ ಸ್ಪೇನಿನ ಕೆಲವು ಹೋಟೆಲುಗಳು ಮೆನುವಿನಲ್ಲಿ ರಷ್ಯ ಹೊಡೆದು ಕೀವ್ ಎಂದು ಬರೆದವು. ಆಲೂಗಡ್ಡೆ ಅದೇ, ಮೇಯೊನೇಸ್ ಅದೇ. ಇರಾನಿನಲ್ಲಿ ಕೋಳಿಮಾಂಸ ಹಾಕಿ, ಗಡ್ಡೆಯನ್ನು ಅರ್ಧ ಹಿಸುಕಿ, ಬ್ರೆಡ್ಡಿನೊಳಗಿಟ್ಟು ತಿನ್ನುತ್ತಾರೆ. ನಮ್ಮ ಮದುವೆ ಮನೆಯ ಬಫೆಯಲ್ಲಿ ಅನಾನಸ್ ಚೂರು ಸೇರಿಸಿಕೊಂಡು ರಷ್ಯನ್ ಸಲಾಡು ಎಂದು ಬಂದು ಕೂರುವುದೂ ಇದೇ ಒಲಿವಿಯೆ ಮನೆತನದ್ದು. ಅದರ ಬಗ್ಗೆ ನಾನು ಹೆಚ್ಚು ಹೇಳದಿರುವುದು ಮದುವೆ ಮಾಡಿದವರಿಗೆ ಕ್ಷೇಮ.

ಫ್ರಾನ್ಸಿನವರು ಬಿಸಿಯಲ್ಲಿ ಕಲಸುವ ಪಕ್ಷ. ಅದಕ್ಕೆ ನಾಟಕದ ಸಾಕ್ಷಿಯೇ ಇದೆ. ಕಿರಿಯ ಅಲೆಕ್ಸಾಂಡರ್ ದ್ಯೂಮಾನ ಫ್ರಾನ್ಸಿಯೋ ನಾಟಕ 1887ರಲ್ಲಿ ಪ್ಯಾರಿಸ್‌ನಲ್ಲಿ ರಂಗವೇರಿತು. ಅದರ ಒಂದು ದೃಶ್ಯದಲ್ಲಿ ಪಾತ್ರವೊಂದು ಸಲಾಡು ಮಾಡುವ ಕ್ರಮವನ್ನು ಸಾಲುಸಾಲಾಗಿ ಹೇಳುತ್ತದೆ. ಗಡ್ಡೆಯನ್ನು ಕಟ್ಟಿನಲ್ಲಿ ಬೇಯಿಸಬೇಕು, ಇನ್ನೂ ಬೆಚ್ಚಗಿರುವಾಗಲೇ ಎಣ್ಣೆ, ವಿನಿಗರ್, ಬಿಳಿ ವೈನ್ ಹಾಕಬೇಕು, ಮರುವಾಯಿ ಸೇರಿಸಿ, ಶಾಂಪೇನಿನಲ್ಲಿ ಬೇಯಿಸಿದ ಟ್ರಫಲ್ ಅಣಬೆಯನ್ನು ಮೇಲೆ ಹರಡಬೇಕು. ಇದಕ್ಕೆ ಜಪಾನೀ ಸಲಾಡು ಎಂದು ಹೆಸರು. ಏಕೆ ಎಂದರೆ ಈಗ ಎಲ್ಲವೂ ಜಪಾನೀಯೇ ತಾನೆ ಎಂಬುದು ನಾಟಕದಲ್ಲೇ ಬರುವ ಸಮಾಧಾನ. ಪ್ಯಾರಿಸ್ ಆಗ ಜಪಾನಿನ ಬೀಸಣಿಗೆ, ಚಿತ್ರಪಟಗಳ ಹುಚ್ಚಿನಲ್ಲಿತ್ತು. ನಾಟಕ ನೋಡಿ ಬಂದವರು ರೆಸ್ಟೋರೆಂಟುಗಳಲ್ಲಿ ಅದನ್ನೇ ಕೇಳತೊಡಗಿದರು.

ಅದೇ ಫ್ರಾನ್ಸಿನ ನೀಸ್ ಪಟ್ಟಣದಲ್ಲಿ ಆಲೂಗಡ್ಡೆಗೇ ಬಹಿಷ್ಕಾರ. ಆ ಸೀಮೆಯಲ್ಲೇ ಹುಟ್ಟಿದ ಮಹಾ ಅಡುಗೆಗಾರ ಎಸ್ಕಾಫಿಯೆ ನೀಸ್ ಸಲಾಡಿಗೆ ಆಲೂಗಡ್ಡೆ ಹಾಕಿದ. ಊರಿನವರು ಇವತ್ತಿಗೂ ಅವನನ್ನು ಕ್ಷಮಿಸಿಲ್ಲ. ನೀಸ್‌ನ ಮೇಯರ್ ಆಗಿದ್ದ ಜಾಕ್ ಮೆದಸ್ಯಾಂ 1972ರಲ್ಲಿ ತಮ್ಮ ಊರಿನ ಅಡುಗೆಯ ಪುಸ್ತಕ ಬರೆದು, ಬೆಂದ ಆಲೂಗಡ್ಡೆಯನ್ನು ದಯವಿಟ್ಟು ಇದಕ್ಕೆ ಹಾಕಬೇಡಿ ಎಂದು ಬೇಡಿಕೊಂಡರು. ಭ್ರಷ್ಟಾಚಾರದ ಆರೋಪ ಬಂದಾಗ ಈ ಮೇಯರ್ 1990ರಲ್ಲಿ ಓಡಿಹೋದದ್ದು ಉರುಗ್ವೆಗೆ. ಸುಟ್ಟ ಮಾಂಸದ ಊಟಕ್ಕೆ ಮೇಯೊನೇಸ್ ಹಾಕಿದ ಆಲೂಗಡ್ಡೆ ಸಲಾಡು ಬಡಿಸುವ ದೇಶಕ್ಕೆ.

ನಿಜವಾದ ಜಪಾನೀ ಆಲೂಗಡ್ಡೆ ಸಲಾಡು ನನ್ನ ಎರಡು ಪಕ್ಷಗಳ ಲೆಕ್ಕವನ್ನು ಕೆಡಿಸುತ್ತದೆ. ಅದಕ್ಕೇ ಅದು ನನಗೆ ಇಷ್ಟ. ಹೊಕ್ಕೈಡೊ ದ್ವೀಪದ ಹಾಕೊದಾತೆಯಲ್ಲಿ ಹಡಗುಕಟ್ಟೆಯ ಮುಖ್ಯಸ್ಥನಾಗಿದ್ದ ಕವಾದ ರ್‍ಯೋಕಿಚಿ, ಸ್ಕಾಟ್ಲೆಂಡಿನಲ್ಲಿ ಹಡಗು ಕಟ್ಟುವುದನ್ನು ಕಲಿತು ಬಂದವನು, 1908ರ ಸುಮಾರಿಗೆ ಹೊರದೇಶದ ಬೀಜದ ಗಡ್ಡೆ ತರಿಸಿ ನೆಟ್ಟ. ಅವನು ಬ್ಯಾರನ್ ಪದವಿಯವನಾದ್ದರಿಂದ ತಳಿಗೆ ದಾನ್ಶಾಕು, ಅಂದರೆ ಬ್ಯಾರನ್ ಗಡ್ಡೆ ಎಂದೇ ಹೆಸರಾಯಿತು. ಅದು ಹಿಟ್ಟಾಗುವ ಜಾತಿ. ಶ್ವಾಬಿಯದವರು ಮುಟ್ಟದ ಗಡ್ಡೆಯನ್ನೇ ಜಪಾನಿನ ಸಲಾಡು ಬಯಸುತ್ತದೆ. ಬೆಂದ ಗಡ್ಡೆಯನ್ನು ಬಿಸಿಯಲ್ಲಿ ಒರಟಾಗಿ ಹಿಸುಕಿ, ಆಗಲೇ ಉಪ್ಪು, ವಿನಿಗರ್ ಹಾಕುತ್ತಾರೆ. ಅದು ಕುಡಿಸುವವರ ಕ್ರಮ. ಆಮೇಲೆ ಆರಲು ಬಿಟ್ಟು, ಹಳದಿ ಲೋಳೆ ಮಾತ್ರ ಹಾಕಿ ಮಾಡುವ ತಮ್ಮ ಗಾಢ ಮೇಯೊನೇಸ್ ಕಲಸುತ್ತಾರೆ. ಅದು ಹೊದಿಸುವವರ ಕ್ರಮ. ಸೌತೆಕಾಯಿಯ ಬಿಲ್ಲೆಗೆ ಉಪ್ಪು ಹಚ್ಚಿ ನೀರು ಹಿಂಡಬೇಕು, ಈರುಳ್ಳಿಯನ್ನು ನೀರಿನಲ್ಲಿ ನೆನೆಸಿ ಘಾಟು ತೆಗೆಯಬೇಕು, ಕ್ಯಾರೆಟ್ ಬೇಯಿಸಬೇಕು, ಹ್ಯಾಮ್ ಹೆಚ್ಚಬೇಕು. ಇಷ್ಟೆಲ್ಲ ಆದ ಮೇಲೆ ಊಟದಲ್ಲಿ ಅದರ ಸ್ಥಾನ ಎಲ್ಲಿ? ತಟ್ಟೆಯ ಮೂಲೆಯಲ್ಲಿ.

ಈ ಮೂಲೆಯ ತಿನಿಸು 2020ರ ಜುಲೈನಲ್ಲಿ ಜಪಾನಿನಲ್ಲಿ ದೊಡ್ಡ ಜಗಳಕ್ಕೆ ಕಾರಣವಾಯಿತು. ಸೂಪರ್ ಮಾರ್ಕೆಟ್ಟಿನಲ್ಲಿ ಮಗುವಿನೊಂದಿಗೆ ಬಂದ ಹೆಂಗಸೊಬ್ಬಳು ಸಿದ್ಧ ಆಲೂಗಡ್ಡೆ ಸಲಾಡಿನ ಪೊಟ್ಟಣಕ್ಕೆ ಕೈ ಹಾಕಿದಾಗ ಅಪರಿಚಿತ ಮುದುಕನೊಬ್ಬ, ತಾಯಿಯಾದವಳು ಆಲೂಗಡ್ಡೆ ಸಲಾಡನ್ನಾದರೂ ಮನೆಯಲ್ಲಿ ಮಾಡಬಾರದೆ ಎಂದು ಅಂದು ಹೋದ. ಅದನ್ನು ಕಂಡ ಇನ್ನೊಬ್ಬರು ತಮ್ಮ ಮಗಳನ್ನು ಕರೆದುಕೊಂಡು ಬಂದು, ಆ ತಾಯಿಯ ಎದುರಿಗೇ ಎರಡು ಪೊಟ್ಟಣ ಎತ್ತಿಕೊಂಡರು. ನಡೆದದ್ದನ್ನು ಟ್ವಿಟರ್‌ನಲ್ಲಿ ಬರೆದಾಗ ದೇಶವೇ ಮಾತಿಗೆ ಇಳಿಯಿತು. ಆ ಸಲಾಡಿಗೆ ಎಷ್ಟು ಪಾತ್ರೆ ತೊಳೆಯಬೇಕು, ಎಷ್ಟು ಹೊತ್ತು ನಿಲ್ಲಬೇಕು ಎಂದು ಹೆಂಗಸರು ಪಟ್ಟಿ ಕೊಟ್ಟರು. ಆಲೂಗಡ್ಡೆ ಸಲಾಡನ್ನು ಸುಲಭದ ಅಡುಗೆ ಎನ್ನುವವರು ಒಮ್ಮೆಯೂ ಮಾಡಿದವರಲ್ಲ ಎಂಬುದು ಅಲ್ಲಿ ಬಯಲಾಯಿತು. "ಏನು ಮಹಾ, ಒಂದು ಉಪ್ಪಿಟ್ಟು ತಾನೆ" ಎನ್ನುವ ಗಂಡಸರು ಈ ಸಭೆಯಲ್ಲೂ ಇರಬಹುದು.

ಅಮೆರಿಕದಲ್ಲಿ ಜರ್ಮನ್ ವಲಸಿಗರು ಬಿಸಿ ಸಲಾಡನ್ನು ಬೇಕನ್ ಕೊಬ್ಬಿನೊಂದಿಗೆ ಉಳಿಸಿಕೊಂಡರು. ಉಳಿದ ದೇಶ ಬಾಟಲಿಯ ಕಡೆ ಹೋಯಿತು. ದಕ್ಷಿಣ ರಾಜ್ಯಗಳಲ್ಲಿ ಹಳದಿ ಸಾಸಿವೆ, ಸಿಹಿ ಉಪ್ಪಿನಕಾಯಿ ಚೂರು, ಬೇಯಿಸಿದ ಮೊಟ್ಟೆ, ಸೆಲರಿ, ಮೇಲೆ ಪಾಪ್ರಿಕಾ ಪುಡಿ. ಕರಿಯ ಅಮೆರಿಕನ್ನರ ಮನೆಗಳಲ್ಲಿ, ಚರ್ಚಿನ ಊಟಗಳಲ್ಲಿ ಸಲಾಡಿನ ಪಾತ್ರೆ ಕಂಡ ಕೂಡಲೇ ಬರುವ ಪ್ರಶ್ನೆ ರುಚಿಯದ್ದಲ್ಲ: ಇದನ್ನು ಯಾರು ಮಾಡಿದ್ದು? ಕೈ ಯಾರದೆಂದು ತಿಳಿಯದೆ ಬಡಿಸಿಕೊಳ್ಳುವುದಿಲ್ಲ. ಕುಟುಂಬಕ್ಕೆ ಹೊಸದಾಗಿ ಬಂದವರಿಗೆ ಈ ಕೆಲಸ ಅಷ್ಟು ಬೇಗ ಸಿಗುವುದಿಲ್ಲ. 2018ರಲ್ಲಿ ಅಲ್ಲಿನ ಜನಪ್ರಿಯ ಟಿವಿ ಹಾಸ್ಯ ಕಾರ್ಯಕ್ರಮವೊಂದರಲ್ಲಿ ನಟ ಚಾಡ್ವಿಕ್ ಬೋಸ್‌ಮನ್ ಬ್ಲ್ಯಾಕ್ ಪ್ಯಾಂಥರ್ ಸಿನಿಮಾದ ತನ್ನ ಪಾತ್ರವಾಗಿಯೇ ಬಂದು, ಬಿಳಿಯ ಗೆಳತಿ ತರುವ ಸಲಾಡಿನಲ್ಲಿ ಉಪ್ಪು ಖಾರ ಇರಲಾರದು, ಬೇಡದ ಒಣದ್ರಾಕ್ಷಿ ಬೇರೆ ಇದ್ದೀತು ಎಂದು ಗಂಭೀರವಾಗಿ ತರ್ಕಿಸಿದಾಗ ಎದ್ದ ನಗು ಈ ಇತಿಹಾಸದ್ದು. ಇದರ ತದ್ವಿರುದ್ಧ ಇನ್ನೊಂದು: 2014ರಲ್ಲಿ ಓಹಾಯೊದ ಕೊಲಂಬಸ್ ನಗರದ ಯುವಕನೊಬ್ಬ, ಆಲೂಗಡ್ಡೆ ಸಲಾಡು ಮಾಡಬೇಕೆಂದಿದ್ದೇನೆ, 10 ಡಾಲರ್ ಕೊಡಿ ಎಂದು ಅಂತರ್ಜಾಲದಲ್ಲಿ ತಮಾಷೆಗೆ ಕೇಳಿದ. ಸುಮಾರು 6,900 ಮಂದಿ ಸೇರಿ 55,000 ಡಾಲರಿಗೂ ಹೆಚ್ಚು ಕೊಟ್ಟರು. ಅವನು ಯಾವ ಸಲಾಡು ಮಾಡುತ್ತಾನೆ ಎಂದು ಯಾರಿಗೂ ಬೇಕಿರಲಿಲ್ಲ.

ಅಮೆರಿಕದ ಮಾತು ಬಂದಾಗ ಒಂದು ತಪ್ಪು ನಂಬಿಕೆಯನ್ನೂ ತೆಗೆಯಬೇಕು. ಬೇಸಿಗೆಯ ವನಭೋಜನದಲ್ಲಿ ಹೊಟ್ಟೆ ಕೆಟ್ಟರೆ ಮೇಯೊನೇಸ್ ಮೇಲೆ ತಪ್ಪು ಹೊರಿಸುತ್ತಾರೆ. ಅಂಗಡಿಯ ಮೇಯೊನೇಸ್ ವಿನಿಗರಿನಿಂದ ಹುಳಿಯಾಗಿರುತ್ತದೆ, ಅದರಲ್ಲಿ ರೋಗಾಣು ಸುಲಭವಾಗಿ ಬೆಳೆಯದು. ಹುಳಿಯಿಲ್ಲದ್ದು ಬೆಂದ ಆಲೂಗಡ್ಡೆ. ಅದನ್ನು ಕೈಯಲ್ಲಿ ಹೆಚ್ಚಿ ಬೆಚ್ಚಗೆ ಇಟ್ಟರೆ ಅಪಾಯ ಅಲ್ಲಿಯೇ. 2015ರ ಏಪ್ರಿಲ್‌ನಲ್ಲಿ ಓಹಾಯೊದ ಒಂದು ಚರ್ಚಿನ ಸಾಮೂಹಿಕ ಊಟದಲ್ಲಿ 29 ಮಂದಿಗೆ ಬಾಟ್ಯುಲಿಸಂ ಎಂಬ ಆಹಾರವಿಷದ ರೋಗ ತಗುಲಿತು, ಒಬ್ಬರು ಸತ್ತರು. ಸಲಾಡಿಗೆ ಹಾಕಿದ್ದು ಮನೆಯಲ್ಲಿ ಜಾಡಿಗೆ ತುಂಬಿಟ್ಟಿದ್ದ ಆಲೂಗಡ್ಡೆ. ಅದನ್ನು ಬರಿಯ ಕುದಿಯುವ ನೀರಿನಲ್ಲಿ ಸಂಸ್ಕರಿಸಿದ್ದರು. ಆ ರೋಗಾಣುವಿನ ಬೀಜಕ ಸಾಯಲು ಪ್ರೆಶರಿನಲ್ಲಿ ಏರುವ ಶಾಖ ಬೇಕು. ಬಿಸಿಯಲ್ಲೇ ವಿನಿಗರ್ ಕುಡಿಸುವವರು ರುಚಿಗೆಂದು ಮಾಡಿದ್ದು ಕಾಪಾಡುವ ಕೆಲಸವನ್ನೂ ಒಂದಿಷ್ಟು ಮಾಡುತ್ತದೆ.

ತವರಿನ ಮಾತು ಆಡದೆ ಮುಗಿಸಿದರೆ ಆಲೂಗಡ್ಡೆಗೆ ಅನ್ಯಾಯ. ಲಿಮಾದಲ್ಲಿರುವ ಅಂತರರಾಷ್ಟ್ರೀಯ ಆಲೂಗಡ್ಡೆ ಕೇಂದ್ರದವರು ಆಂಡಿಸ್‌ನ ದೇಸಿ ತಳಿಗಳು 4,000ಕ್ಕೂ ಹೆಚ್ಚು ಎನ್ನುತ್ತಾರೆ. ಪೆರುವಿನವರ ಕೌಸಾ ತಣ್ಣಗಿನ ತಿನಿಸು: ಹಳದಿ ಗಡ್ಡೆಯನ್ನು ನುಣ್ಣಗೆ ಹಿಸುಕಿ, ನಿಂಬೆರಸ, ಹಳದಿ ಮೆಣಸಿನಕಾಯಿಯ ಅರಪು, ಎಣ್ಣೆ ಸೇರಿಸಿ ನಾದಿ, ನಡುವೆ ಕೋಳಿಯನ್ನೋ ಟ್ಯೂನಾ ಮೀನನ್ನೋ ಇಟ್ಟು ಪದರ ಕಟ್ಟುತ್ತಾರೆ. ಹುಳಿ ಖಾರ ಎರಡೂ ಗಡ್ಡೆಯೊಳಗೇ ಇರುತ್ತವೆ. ನಾಲ್ಕು ಸಾವಿರ ತಳಿಗಳ ನಡುವೆ ಬದುಕುವವರಿಗೆ ಸಾಸಿನ ಹಂಗು ಅಷ್ಟಾಗಿ ಇಲ್ಲ.

ನೇಪಾಳದಲ್ಲಿ ನನ್ನ ಎರಡು ಪಕ್ಷಗಳಿಗೂ ಸೇರದ ಮೂರನೆಯದು ಸಿಗುತ್ತದೆ. ಪಾಲ್ಪಾ ಜಿಲ್ಲೆಯ ಚುಕೌನಿ: ಆರಿದ ಆಲೂಗಡ್ಡೆ, ಮೊಸರು, ಹಸಿ ಈರುಳ್ಳಿ, ಹಸಿಮೆಣಸಿನಕಾಯಿ, ಕೊತ್ತಂಬರಿ. ಕೊನೆಗೆ ಸಾಸಿವೆ ಎಣ್ಣೆಯಲ್ಲಿ ಮೆಂತ್ಯ ಕಪ್ಪಾಗುವವರೆಗೆ ಹುರಿದು, ಅರಿಶಿನ ಹಾಕಿ, ಚೊಂಯ್ ಎಂದು ಮೇಲೆ ಸುರಿಯುತ್ತಾರೆ. ಗಡ್ಡೆ ತಣ್ಣಗೆ, ಎಣ್ಣೆ ಬಿಸಿ. ಇದಕ್ಕೆ ಯುರೋಪಿನಲ್ಲಿ ಸಮಾನವಾದದ್ದು ನನಗೆ ಕಾಣಲಿಲ್ಲ, ನಮ್ಮ ಮನೆಗಳಲ್ಲಿದೆ. ಆಲೂಗಡ್ಡೆ ಮೊಸರು ಬಜ್ಜಿಯನ್ನು ನಾವು ಸಲಾಡು ಎಂದು ಕರೆದಿಲ್ಲ, ಅಷ್ಟೇ. ಬೆಂದ ಗಡ್ಡೆ, ಮೊಸರು, ಸಾಸಿವೆ, ಇಂಗು, ಒಣಮೆಣಸಿನಕಾಯಿ, ಕರಿಬೇವು. ಮೊಸರು ಒಡೆಯಬಾರದೆಂದು ಗಡ್ಡೆಯನ್ನು ಆರಿಸುತ್ತೇವೆ, ಆರಿದ್ದು ಸಪ್ಪೆಯಾಗದಿರಲೆಂದು ಒಗ್ಗರಣೆ ಹಾಕುತ್ತೇವೆ. ಮೇಯೊನೇಸ್ ಒಂದರಿಂದಲೇ ಯುರೋಪು ಮಾಡಿಸಿದ ಹುಳಿ ಮತ್ತು ಕೊಬ್ಬಿನ ಕೆಲಸವನ್ನು ಇಲ್ಲಿ ಮೊಸರು, ಒಗ್ಗರಣೆ ಹಂಚಿಕೊಂಡಿವೆ. ನನ್ನ ನಾಲಿಗೆಗೆ ಇದೇ ಮೇಲು. ದತ್ತಿ ಉಪನ್ಯಾಸದಲ್ಲಿ ಪಕ್ಷಪಾತ ಮಾಡಬಾರದೆಂಬ ಷರತ್ತು ಇಲ್ಲವಲ್ಲ.

ಒಂದು ತೊಂದರೆಯಿದೆ, ಅದು ಗಡ್ಡೆಯದು. ಶೀತಲಗೃಹದಲ್ಲಿ ತಿಂಗಳುಗಟ್ಟಲೆ ಇಟ್ಟು ಬರುವ ಆಲೂಗಡ್ಡೆಯಲ್ಲಿ ಪಿಷ್ಟದ ಒಂದು ಪಾಲು ಸಕ್ಕರೆಯಾಗುತ್ತದೆ. ಪಲ್ಯದಲ್ಲಿ ಮಸಾಲೆ ಆ ಸಿಹಿಯನ್ನು ಮುಚ್ಚುತ್ತದೆ, ಮೊಸರು ಬಜ್ಜಿಯಲ್ಲಿ ಅದು ನೇರ ನಾಲಿಗೆಗೆ ಹತ್ತುತ್ತದೆ. ಹಾಸನದ ಸುತ್ತ ಮುಂಗಾರಿಗೆ ನೆಟ್ಟು ಆಗಸ್ಟ್, ಸೆಪ್ಟೆಂಬರ್ ಹೊತ್ತಿಗೆ ಕಿತ್ತ ಹೊಸ ಗಡ್ಡೆ ಈ ದೋಷವಿಲ್ಲದ್ದು. ಆದರೆ ಅದರ ಬಿತ್ತನೆ ಗಡ್ಡೆಗೆ ಪಂಜಾಬಿನ ಜಲಂಧರದ ದಾರಿ ಕಾಯಬೇಕು, ಮಳೆ ಹಿಡಿದುಕೊಂಡರೆ ಅಂಗಮಾರಿ ರೋಗ. ಐರ್ಲೆಂಡಿನಲ್ಲಿ 1845ರಿಂದ ಹೊಲಗಳನ್ನು ಕೊಳೆಸಿದ ಅದೇ ರೋಗ ಇಲ್ಲಿ ರೈತರನ್ನು ಆಲೂಗಡ್ಡೆ ಬಿಟ್ಟು ಮುಸುಕಿನ ಜೋಳದ ಕಡೆ ತಿರುಗಿಸಿದೆ. ಆದರೂ ಆ ಎರಡು ತಿಂಗಳು ಸಂತೆಯಲ್ಲಿ ಮಣ್ಣು ಅಂಟಿದ, ಉಗುರಿನಲ್ಲಿ ಕೆರೆದರೆ ಸಿಪ್ಪೆ ಏಳುವ ಗಡ್ಡೆ ಸಿಗುತ್ತದೆ. ಎಳೆಯದಾದ್ದರಿಂದ ಪಿಷ್ಟ ಇನ್ನೂ ತುಂಬಿರುವುದಿಲ್ಲ, ಬೇಯಿಸಿದರೆ ಹಿಟ್ಟಾಗದೆ ನಿಲ್ಲುತ್ತದೆ.

ಅಂಥದ್ದು ಸಿಕ್ಕಾಗ ಶ್ವಾಬಿಯದ ಕ್ರಮವನ್ನು ನಮ್ಮ ಅಡುಗೆಮನೆಯಲ್ಲಿ ಮಾಡಲು ಏನೂ ಅಡ್ಡಿಯಿಲ್ಲ. ಮಾಂಸದ ಕಟ್ಟಿನ ಬದಲು ತೊಗರಿಬೇಳೆ ಬೇಯಿಸಿದ ತೆಳು ಕಟ್ಟು ಕುದಿಸಿಕೊಳ್ಳಿ, ವಿನಿಗರ್ ಬೇಡವೆಂದರೆ ನಿಂಬೆ ಹಿಂಡಿ, ಸಾಸಿವೆಯನ್ನು ಒಗ್ಗರಣೆಗೆ ಹಾಕದೆ ಅರೆದು ಹಾಕಿ. ಕೈ ಸುಟ್ಟರೂ ಬಿಸಿಯಲ್ಲೇ ಸಿಪ್ಪೆ ತೆಗೆಯಬೇಕು, ಎಣ್ಣೆ ಕೊನೆಗೇ ಹಾಕಬೇಕು. ಈ ಎರಡರಲ್ಲಿ ರಿಯಾಯಿತಿ ಇಲ್ಲ. ಅರ್ಧ ಗಂಟೆ ಬಿಟ್ಟು ಸೌಟು ಆಡಿಸಿ ಸದ್ದು ಕೇಳಿ. ಇನ್ನು ಪ್ರಶ್ನೆಗಳಿದ್ದರೆ ತೆಗೆದುಕೊಳ್ಳುತ್ತೇನೆ, ಮೇಯೊನೇಸ್ ಪಕ್ಷದವರಿಗೆ ಮೊದಲ ಅವಕಾಶ.